ಓದುಗರ ಪ್ರಶ್ನೆಗಳಿಗೆ ಉತ್ತರ: ಕ್ರೈಸ್ತ ದೃಷ್ಟಿಯಲ್ಲಿ ಬಯೋಎಥಿಕ್ಸ್ ಓದಲು ಹೊರಟವರಿಗೆ

ಪ್ರಶ್ನೆ: ನಾನು ಮಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಶುಶ್ರೂಷಕಿಯಾಗಿದ್ದೇನೆ. ಬಿ.ಎಸ್‌ಸಿ. ನರ್ಸಿಂಗ್ ಓದಿದ್ದೇನೆ. ಕಳೆದ ವರ್ಷ ಮಿದುಳಿನ ರಕ್ತಸ್ರಾವದಿಂದ ಪ್ರಜ್ಞೆ ತಪ್ಪಿದ್ದ ವೃದ್ಧರೊಬ್ಬರ ವೆಂಟಿಲೇಟರ್ ತೆಗೆಯುವ ಬಗ್ಗೆ ವೈದ್ಯರು ಮನೆಯವರೊಡನೆ ಮಾತನಾಡುತ್ತಿದ್ದಾಗ, ರೋಗಿಯ ಮಗ ನನ್ನತ್ತ ತಿರುಗಿ, “ಸಿಸ್ಟರ್, ನೀವು ಇಗರ್ಜಿಗೆ ಹೋಗುವವರು. ತೆಗೆದರೆ ಪಾಪ ಬರುತ್ತದೆಯೇ, ನೀವೇ ಹೇಳಿ” ಎಂದು ಕೇಳಿದರು. ಅವರು ಕ್ರೈಸ್ತರಲ್ಲ. ನನಗೆ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಕ್ರೈಸ್ತ ಸಂಸ್ಥೆಯೊಂದರಲ್ಲಿ ಬಯೋಎಥಿಕ್ಸ್ (ವೈದ್ಯಕೀಯ ಮತ್ತು ಜೀವವಿಜ್ಞಾನದಲ್ಲಿ ಏಳುವ ನೀತಿಪ್ರಶ್ನೆಗಳ ಅಧ್ಯಯನ) ಸ್ನಾತಕೋತ್ತರ ಪದವಿ ಮಾಡಬೇಕೆಂಬ ಆಸೆ ಹುಟ್ಟಿದೆ. ಅಲ್ಲಿ ಏನನ್ನು ಕಲಿಸುತ್ತಾರೆ, ಎಲ್ಲಿ ಓದಬಹುದು, ಸಾಲ ಮಾಡಿ ವಿದೇಶಕ್ಕೆ ಹೋಗುವುದು ಸರಿಯೇ, ಮರಳಿ ಬಂದರೆ ಕೆಲಸ ಸಿಗುತ್ತದೆಯೇ ಎಂಬುದನ್ನು ದಯವಿಟ್ಟು ತಿಳಿಸಿ.
– ಓದುಗರೊಬ್ಬರು, ಮಂಗಳೂರು

ಉತ್ತರ: ಆ ಮಗ ಕೇಳಿದ ಪ್ರಶ್ನೆಯನ್ನು ಕ್ರೈಸ್ತ ಚಿಂತಕರು ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ನೀವು ಓದಲು ಬಯಸಿರುವುದು ಆ ಚರ್ಚೆಯನ್ನೇ ಆದ್ದರಿಂದ, ಸಂಸ್ಥೆಗಳ ಹೆಸರು ಹೇಳುವುದಕ್ಕೆ ಮೊದಲು ಅದರ ಒಂದು ಎಳೆಯನ್ನು ನಿಮ್ಮ ಮುಂದಿಡುತ್ತೇನೆ. ಅದನ್ನು ಓದಿದ ಮೇಲೂ ಆಸೆ ಉಳಿದರೆ ಮುಂದಿನ ಮಾತು.

ಹದಿನಾರನೆಯ ಶತಮಾನದಲ್ಲಿ ಸ್ಪೇನಿನ ಸಲಮಾಂಕಾದಲ್ಲಿ ದೈವಶಾಸ್ತ್ರ ಬೋಧಿಸುತ್ತಿದ್ದ ಡೊಮಿನಿಕನ್ ಸಂನ್ಯಾಸಿ ಫ್ರಾನ್ಸಿಸ್ಕೊ ದೆ ವಿತೋರಿಯಾ, ಪ್ರಾಣ ಉಳಿಸಿಕೊಳ್ಳುವುದು ಕರ್ತವ್ಯವಾದರೂ ಅದಕ್ಕಾಗಿ ಅತ್ಯಂತ ಬೆಲೆಬಾಳುವ ಆಹಾರವನ್ನೇ ಹುಡುಕಿ ತಿನ್ನಬೇಕೆಂಬ ಬಾಧ್ಯತೆ ಯಾವ ರೋಗಿಗೂ ಇಲ್ಲವೆಂದು ವಾದಿಸಿದನು. ಸಾಧಾರಣ ಉಪಾಯಗಳನ್ನು ಬಳಸಲೇಬೇಕು, ಅಸಾಧಾರಣ ಉಪಾಯಗಳನ್ನು ಬಳಸಲೇಬೇಕೆಂದಿಲ್ಲ ಎಂಬ ವಿಂಗಡಣೆ ಅಂಥ ಚರ್ಚೆಗಳಿಂದ ಬೆಳೆಯಿತು. ಉಸಿರಾಟದ ಯಂತ್ರಗಳು ಆಸ್ಪತ್ರೆಗೆ ಬಂದ ಮೇಲೆ, 1957ರ ನವೆಂಬರ್ 24ರಂದು ಪೋಪ್ ಹನ್ನೆರಡನೆಯ ಪಿಯುಸ್ ಅರಿವಳಿಕೆ ತಜ್ಞರ ಮುಂದೆ ಮಾತನಾಡುತ್ತ ಇದೇ ವಿಂಗಡಣೆಯನ್ನು ಯಂತ್ರಕ್ಕೂ ಅನ್ವಯಿಸಿದರು. ವ್ಯಕ್ತಿ, ಸ್ಥಳ, ಕಾಲಗಳಿಗೆ ತಕ್ಕಂತೆ ಯಾವುದು ತನಗೂ ಇತರರಿಗೂ ತೀರ ಭಾರವಾಗುವುದಿಲ್ಲವೋ ಅಂಥ ಚಿಕಿತ್ಸೆ ಮಾತ್ರ ಕಡ್ಡಾಯ. ರೋಗಿಯ ಒಪ್ಪಿಗೆಯಿಲ್ಲದೆ ವೈದ್ಯನಿಗೆ ಸ್ವತಂತ್ರವಾದ ಹಕ್ಕಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. 1980ರಲ್ಲಿ ದಯಾಮರಣದ ಬಗ್ಗೆ ವ್ಯಾಟಿಕನ್ ಹೊರಡಿಸಿದ ಘೋಷಣೆಯು ದಯಾಮರಣವನ್ನು ಸ್ಪಷ್ಟವಾಗಿ ತಿರಸ್ಕರಿಸಿತಾದರೂ, ಕುಟುಂಬದ ಮೇಲೆ ಮಿತಿಮೀರಿದ ಖರ್ಚು ಹೊರಿಸಬಾರದೆಂಬ ಕಾರಣಕ್ಕೆ ಚಿಕಿತ್ಸೆಯೊಂದನ್ನು ಬೇಡವೆನ್ನುವುದು ಆತ್ಮಹತ್ಯೆಗೆ ಸಮನಲ್ಲವೆಂದಿತು. ಅಡಿಕೆ ತೋಟವನ್ನು ಅಡವಿಟ್ಟು ಐಸಿಯು ಬಿಲ್ಲು ಕಟ್ಟುವವರನ್ನು ದಿನವೂ ಕಾಣುವ ನಿಮಗೆ ಈ ಮಾತಿನ ತೂಕ ನಾನು ವಿವರಿಸದೆಯೇ ಅರ್ಥವಾಗುತ್ತದೆ.

ಹಾಗಾಗಿ ಆ ಮಗನಿಗೆ ಕ್ರೈಸ್ತ ಪರಂಪರೆಯ ಒಳಗಿಂದಲೇ ಹೀಗೆ ಹೇಳಬಹುದಾಗಿತ್ತು: ನಿಮ್ಮ ತಂದೆಯನ್ನು ಸಾಯಿಸುವ ಉದ್ದೇಶದಿಂದ ಮಾಡುವ ಕೆಲಸ ಬೇರೆ, ಅವರಿಗೆ ಫಲ ಕೊಡದೆ ಭಾರವಷ್ಟೇ ಆಗಿರುವ ಯಂತ್ರವನ್ನು ನಿಲ್ಲಿಸಿ ರೋಗ ತನ್ನ ದಾರಿಯಲ್ಲಿ ಸಾಗಲು ಬಿಡುವುದು ಬೇರೆ, ಎರಡನೆಯದನ್ನು ನಮ್ಮ ಧರ್ಮಸಭೆ ಪಾಪವೆಂದು ಎಣಿಸುವುದಿಲ್ಲ. ಇದರಲ್ಲಿ ಅವರಿಗೆ ಅರ್ಥವಾಗದ ಮಾತು ಒಂದೂ ಇಲ್ಲವೆಂಬುದನ್ನು ಗಮನಿಸಿ. ಕ್ರೈಸ್ತ ಬಯೋಎಥಿಕ್ಸಿನ ಒಳ್ಳೆಯ ಅಧ್ಯಯನಕ್ಕೆ ನಾನು ಹಿಡಿಯುವ ಅಳತೆಗೋಲು ಇದೊಂದೇ. ತನ್ನ ವಿಶ್ವಾಸವನ್ನು ಮುಚ್ಚಿಡದೆ, ಆ ವಿಶ್ವಾಸವನ್ನು ಹಂಚಿಕೊಳ್ಳದವರಿಗೂ ತಿಳಿಯುವಂಥ ಕಾರಣ ಕೊಡುವುದನ್ನು ಅದು ವಿದ್ಯಾರ್ಥಿಗೆ ಕಲಿಸಬೇಕು. ಸಿದ್ಧ ಉತ್ತರಗಳ ಪಟ್ಟಿಯನ್ನು ಕೈಗಿಡುವ ಕೋರ್ಸು ನಿಮ್ಮ ವಾರ್ಡಿನಲ್ಲಿ ಒಂದು ದಿನವೂ ಉಪಯೋಗಕ್ಕೆ ಬಾರದು.

ಸಿದ್ಧ ಉತ್ತರಗಳು ಎಲ್ಲ ಕಡೆ ಇರುವುದೂ ಇಲ್ಲ. ಪ್ರಜ್ಞೆಯಿಲ್ಲದೆ ವರ್ಷಗಟ್ಟಲೆ ಮಲಗಿರುವವರಿಗೆ ಕೊಳವೆಯ ಮೂಲಕ ಅನ್ನ–ನೀರು ಕೊಡುವುದು ಚಿಕಿತ್ಸೆಯೋ ಆರೈಕೆಯೋ ಎಂಬ ಪ್ರಶ್ನೆಯನ್ನೇ ನೋಡಿ. 2004ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅದು ಮೂಲತಃ ಸಾಧಾರಣ ಆರೈಕೆಯೇ, ಆದ್ದರಿಂದ ನಿಲ್ಲಿಸುವಂತಿಲ್ಲ ಎಂದರು. 2007ರಲ್ಲಿ ವ್ಯಾಟಿಕನ್ ಅದನ್ನು ಮತ್ತೆ ಖಚಿತಪಡಿಸಿತು. ಪ್ರೊಟೆಸ್ಟೆಂಟ್ ಚಿಂತಕರಲ್ಲಿ ಅನೇಕರು ಇದನ್ನು ಒಪ್ಪುವುದಿಲ್ಲ. ಈ ಪ್ರಶ್ನೆ ನಮ್ಮ ಜಿಲ್ಲೆಗಳಿಗೆ ದೂರದ್ದೂ ಅಲ್ಲ. ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದ ಅರುಣಾ ಶಾನಭಾಗ್ ಅವರ ಮೇಲೆ 1973ರ ನವೆಂಬರ್ 27ರಂದು ಆಸ್ಪತ್ರೆಯೊಳಗೇ ಕ್ರೂರ ಹಲ್ಲೆ ನಡೆಯಿತು. ಕುತ್ತಿಗೆಗೆ ಬಿಗಿದ ಸರಪಳಿಯಿಂದ ಮಿದುಳಿಗೆ ರಕ್ತ ಹರಿಯುವುದು ನಿಂತು, ಅವರು 2015ರ ಮೇ 18ರಂದು ತೀರಿಕೊಳ್ಳುವವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಿ ಶಾಂತಿಯಿಂದ ಸಾಯಲು ಬಿಡಬೇಕೆಂದು ಪತ್ರಕರ್ತೆ ಪಿಂಕಿ ವಿರಾನಿ ಸಲ್ಲಿಸಿದ ಅರ್ಜಿಯನ್ನು 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಅದೇ ತೀರ್ಪಿನಲ್ಲಿ ಭಾರತದಲ್ಲಿ ಮೊದಲ ಬಾರಿಗೆ ನಿಷ್ಕ್ರಿಯ ದಯಾಮರಣಕ್ಕೆ (ಜೀವ ಹಿಡಿದಿಟ್ಟಿರುವ ಚಿಕಿತ್ಸೆಯನ್ನು ನಿಲ್ಲಿಸಿ ಸಾಯಲು ಬಿಡುವುದಕ್ಕೆ) ಕಟ್ಟುನಿಟ್ಟಿನ ಷರತ್ತುಗಳೊಂದಿಗೆ ದಾರಿಯನ್ನೂ ತೆರೆಯಿತು. ಅರುಣಾ ಅವರ ಪರವಾಗಿ ನಿರ್ಧರಿಸುವ ಹಕ್ಕು ಆಸ್ಪತ್ರೆಯ ಸಿಬ್ಬಂದಿಗೇ ಸೇರಿದ್ದೆಂದು ನ್ಯಾಯಾಲಯ ಹೇಳಿತು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಅವರ ಮೈಮೇಲೆ ಹಾಸಿಗೆ ಹುಣ್ಣು ಆಗದಂತೆ ನೋಡಿಕೊಂಡ ಶುಶ್ರೂಷಕಿಯರ ಸೇವೆಯನ್ನು ನ್ಯಾಯಾಲಯ ಮನಸಾರೆ ಕೊಂಡಾಡಿತು.

ಆ ಶುಶ್ರೂಷಕಿಯರು ಯಾವ ಪೋಪರ ಬೋಧನೆಯನ್ನೂ ಓದಿ, ಆಹಾರ ನಿಲ್ಲಿಸಬಾರದೆಂಬ ನಿಲುವಿಗೆ ಬಂದವರಲ್ಲ. ಕ್ರೈಸ್ತ ತರಗತಿಯಲ್ಲಿ ಈ ಪ್ರಕರಣವನ್ನು ಚರ್ಚೆಗಿಟ್ಟರೆ, ಮನುಷ್ಯ ದೇವರ ಸ್ವರೂಪದಲ್ಲಿ ಸೃಷ್ಟಿಯಾದವನು, ಆದ್ದರಿಂದ ಮಾತು, ನೆನಪು, ಚಲನೆ ಹೋದರೂ ಅವನ ಘನತೆ ಹೋಗುವುದಿಲ್ಲ ಎಂಬ ನಂಬಿಕೆಯನ್ನೂ ಆ ಶುಶ್ರೂಷಕಿಯರು ಮಾಡಿದ್ದನ್ನೂ ಅಕ್ಕಪಕ್ಕ ಇಟ್ಟು ನೋಡಬೇಕಾಗುತ್ತದೆ. ಹಾಗೆಯೇ ಪಿಂಕಿ ವಿರಾನಿಯವರ ಅರ್ಜಿಯ ಹಿಂದಿದ್ದ ಕರುಣೆಯನ್ನೂ ಅಲ್ಲಗಳೆಯುವಂತಿಲ್ಲ. ಎರಡನ್ನೂ ಪೂರ್ತಿಯಾಗಿ ಕೇಳಿಸಿಕೊಂಡು ಆಮೇಲೆ ತೀರ್ಮಾನ ಹೇಳುವ ಅಧ್ಯಾಪಕರು ಸಿಕ್ಕಿದರೆ ಆ ವಿದ್ಯಾರ್ಥಿಯ ಭಾಗ್ಯ.

ಇನ್ನು ತರಗತಿಯಲ್ಲಿ ಪ್ರಕರಣಗಳನ್ನು ಹೇಗೆ ಬಿಡಿಸುತ್ತಾರೆಂಬುದು. ಬಹುಪಾಲು ಕೋರ್ಸುಗಳಲ್ಲಿ ಬಳಕೆಯಲ್ಲಿರುವ ಒಂದು ವಿಧಾನವನ್ನು ರೂಪಿಸಿದವರಲ್ಲಿ ಹಿಂದೆ ಯೇಸುಸಭೆಯ (ಜೆಸ್ವಿಟ್ ಎಂಬ ಕಥೋಲಿಕ ಸಂನ್ಯಾಸಿ ಸಂಘದ) ಗುರುವಾಗಿದ್ದ ಆಲ್ಬರ್ಟ್ ಜಾನ್ಸನ್ ಒಬ್ಬರು. 1982ರಲ್ಲಿ ಅವರೂ ಇಬ್ಬರು ಸಹಲೇಖಕರೂ ಪ್ರಕಟಿಸಿದ ಪುಸ್ತಕದಿಂದ ಅದು ಹರಡಿತು. ಕಾಗದವನ್ನು ನಾಲ್ಕು ಚೌಕಗಳಾಗಿ ಮಾಡಿ, ಮೊದಲನೆಯದರಲ್ಲಿ ರೋಗ ಮತ್ತು ಚಿಕಿತ್ಸೆಯ ಸಂಗತಿಗಳನ್ನೂ, ಎರಡನೆಯದರಲ್ಲಿ ರೋಗಿಯ ಇಚ್ಛೆಯನ್ನೂ, ಮೂರನೆಯದರಲ್ಲಿ ಮುಂದಿನ ಬದುಕಿನ ಗುಣಮಟ್ಟವನ್ನೂ, ನಾಲ್ಕನೆಯದರಲ್ಲಿ ಹಣ, ಕಾನೂನು, ಕುಟುಂಬ, ಧರ್ಮ ಮುಂತಾದ ಸುತ್ತಲಿನ ಪರಿಸ್ಥಿತಿಯನ್ನೂ ಬರೆಯುತ್ತಾರೆ. ನಿಮ್ಮ ಆ ರೋಗಿಯನ್ನೇ ನೆನಪಿಸಿಕೊಂಡು ಒಮ್ಮೆ ಬರೆದು ನೋಡಿ. ನರರೋಗ ತಜ್ಞರು ಕೇಸ್ ಶೀಟಿನಲ್ಲಿ ಚೇತರಿಕೆಯ ಬಗ್ಗೆ ಏನೆಂದು ಬರೆದಿದ್ದರು? ಕುತ್ತಿಗೆಯಲ್ಲಿ ರಂಧ್ರ ಮಾಡಿ ಟ್ಯೂಬು ಹಾಕಿದರೆ ಮನೆಗೆ ಕಳಿಸಬಹುದಿತ್ತೇ? ಆರೋಗ್ಯವಾಗಿದ್ದಾಗ ಅವರು ಮಗಳ ಬಳಿಯೋ ನೆರೆಯವರ ಬಳಿಯೋ “ನನ್ನನ್ನು ಪೈಪು ಹಾಕಿ ಮಲಗಿಸಬೇಡಿ” ಎಂದಿದ್ದರೇ? ನಮ್ಮ ಆಸ್ಪತ್ರೆಗಳಲ್ಲಿ ಎರಡನೆಯ ಚೌಕ ಖಾಲಿಯಾಗಿಯೇ ಉಳಿಯುವುದು ಹೆಚ್ಚು. ರೋಗಿಯ ಇಚ್ಛೆಯನ್ನು ಯಾರೂ ಕೇಳಿರುವುದಿಲ್ಲ, ನಾಲ್ಕನೆಯ ಚೌಕದ ಹಣವೇ ಎಲ್ಲವನ್ನೂ ತೀರ್ಮಾನಿಸಿರುತ್ತದೆ. ಇದು ನನ್ನನ್ನು ಬಹಳ ನೋಯಿಸುವ ಸಂಗತಿ. ಸುಪ್ರೀಂ ಕೋರ್ಟ್ 2018ರಲ್ಲಿ ಮುಂಗಡ ಇಚ್ಛಾಪತ್ರಕ್ಕೆ (ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಪತ್ರಕ್ಕೆ) ಮಾನ್ಯತೆ ಕೊಟ್ಟು, 2023ರಲ್ಲಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ ಮಾಡಿದರೆ ಸಾಕೆಂದು ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿದೆ. ಹಾಗಿದ್ದೂ ಈ ಪತ್ರದ ವಿಷಯವನ್ನು ಮನೆಮಂದಿಗೆ ಸಮಾಧಾನದಿಂದ ತಿಳಿಹೇಳಬಲ್ಲವರು ವಾರ್ಡುಗಳಲ್ಲಿ ತೀರ ಕಡಿಮೆ. ನಿಮ್ಮ ಓದು ಅಲ್ಲಿ ಬೇಕಾಗಿದೆ.

ಸಂಸ್ಥೆಗಳ ವಿಷಯಕ್ಕೆ ಬಂದರೆ, ‘ಕ್ರೈಸ್ತ’ ಎಂಬ ಹೆಸರಿನಡಿ ಬಹಳ ಬೇರೆ ಬೇರೆ ಮನೋಧರ್ಮದ ಸಂಸ್ಥೆಗಳಿವೆ. ಅಮೆರಿಕದ ಜಾರ್ಜ್‌ಟೌನ್ ಯೇಸುಸಭೆಯ ವಿಶ್ವವಿದ್ಯಾಲಯ. ಅಲ್ಲಿನ ಬಯೋಎಥಿಕ್ಸ್ ಅಧ್ಯಯನ ಕೇಂದ್ರವಾದ ಕೆನಡಿ ಇನ್‌ಸ್ಟಿಟ್ಯೂಟನ್ನು 1971ರಲ್ಲಿ ಕಟ್ಟಿದ ಆಂದ್ರೆ ಹೆಲೆಗರ್ಸ್ ನಿಷ್ಠಾವಂತ ಕಥೋಲಿಕರಾಗಿದ್ದ ಪ್ರಸೂತಿ ತಜ್ಞರು. ಸ್ವಾಯತ್ತತೆ, ಹಾನಿ ಮಾಡದಿರುವುದು, ಹಿತ ಮಾಡುವುದು, ನ್ಯಾಯ ಎಂಬ ಇಂದು ಜಗತ್ತಿನಾದ್ಯಂತ ವೈದ್ಯ ವಿದ್ಯಾರ್ಥಿಗಳು ಓದುವ ನಾಲ್ಕು ತತ್ತ್ವಗಳನ್ನು 1979ರಲ್ಲಿ ಪುಸ್ತಕವಾಗಿ ಮುಂದಿಟ್ಟ ಬೋಚಂಪ್ ಮತ್ತು ಚಿಲ್ಡ್ರೆಸ್ ಆ ಕೇಂದ್ರದ ಸಂಬಂಧವುಳ್ಳವರೇ. ಆದರೆ ಆ ತತ್ತ್ವಗಳಲ್ಲಿ ದೇವರ ಪ್ರಸ್ತಾಪವಿಲ್ಲ. ಎಲ್ಲರೂ ಒಪ್ಪಬೇಕೆಂದರೆ ಧರ್ಮದ ಭಾಷೆಯನ್ನು ಬದಿಗಿಡಬೇಕೆಂಬುದು ಅಂದಿನ ತಿಳಿವಳಿಕೆ. ಹಾಗೆ ಬದಿಗಿಟ್ಟದ್ದರಿಂದ ನೋವು, ಸಾವು, ಅವಲಂಬನೆಗಳ ಬಗ್ಗೆ ಹೇಳಬೇಕಾದ ಎಷ್ಟೋ ಮಾತು ಕಳೆದುಹೋಯಿತೆಂದು ಭಾವಿಸಿದವರು ಮುಂದೆ ಕ್ರೈಸ್ತ ಬಯೋಎಥಿಕ್ಸಿಗೆಂದೇ ಪ್ರತ್ಯೇಕ ಕೇಂದ್ರಗಳನ್ನೂ ಪದವಿಗಳನ್ನೂ ಆರಂಭಿಸಿದರು.

ಅಂಥವುಗಳಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯ ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಪ್ರೊಟೆಸ್ಟೆಂಟ್ ಸಭೆಯದು. ಅಲ್ಲಿನ ಕ್ರೈಸ್ತ ಬಯೋಎಥಿಕ್ಸ್ ಕೇಂದ್ರ ಹುಟ್ಟಿದ 1984ರಲ್ಲೇ, ಹೃದಯದ ತೀವ್ರ ದೋಷದೊಂದಿಗೆ ಹುಟ್ಟಿದ್ದ ‘ಬೇಬಿ ಫೇ’ ಎಂಬ ಹಸುಗೂಸಿಗೆ ಅಲ್ಲಿನ ಶಸ್ತ್ರವೈದ್ಯರು ಬಬೂನ್ ಕೋತಿಯ ಹೃದಯವನ್ನು ಜೋಡಿಸಿದರು. ಮಗು ಸುಮಾರು ಮೂರು ವಾರ ಬದುಕಿತು. ಮನುಷ್ಯನ ಹೃದಯಕ್ಕಾಗಿ ಮೊದಲು ಹುಡುಕಬೇಕಿತ್ತಲ್ಲವೇ, ತಂದೆತಾಯಿಯ ಒಪ್ಪಿಗೆಯನ್ನು ಸರಿಯಾಗಿ ಪಡೆಯಲಾಗಿತ್ತೇ ಎಂಬ ಪ್ರಶ್ನೆಗಳು ಅಂದು ಎದ್ದವು, ಇಂದಿಗೂ ತರಗತಿಗಳಲ್ಲಿ ಚರ್ಚೆಯಾಗುತ್ತವೆ. ಯೇಸುಸಭೆಯವರದೇ ಆದ ಶಿಕಾಗೋದ ಲೊಯೋಲಾ ವಿಶ್ವವಿದ್ಯಾಲಯ ಬಯೋಎಥಿಕ್ಸ್ ಸ್ನಾತಕೋತ್ತರ ಪದವಿಯನ್ನು ಆನ್‌ಲೈನಿನಲ್ಲಿ ನಡೆಸುತ್ತ ಬಂದಿದೆ. ಕೆಲಸ ಬಿಡಲಾಗದವರು ಇಂಥದ್ದನ್ನು ವಿಚಾರಿಸಬಹುದು. ಪಿಟ್ಸ್‌ಬರ್ಗಿನ ಡುಕೇನ್ ಕೂಡ ಕಥೋಲಿಕ ವಿಶ್ವವಿದ್ಯಾಲಯವೇ. ರೋಮಿನ ರೆಜಿನಾ ಅಪೊಸ್ತೊಲೋರುಮ್ ವಿದ್ಯಾಪೀಠದಲ್ಲಿ 2001ರಿಂದ ಬಯೋಎಥಿಕ್ಸಿಗೆಂದೇ ಒಂದು ನಿಕಾಯವಿದೆ. ಅಲ್ಲಿ ಪಾಠ ಹೆಚ್ಚಾಗಿ ಇಟಾಲಿಯನ್ ಭಾಷೆಯಲ್ಲಿ ನಡೆಯುವುದರಿಂದ ಧರ್ಮಗುರುಗಳಿಗೂ ಧರ್ಮಭಗಿನಿಯರಿಗೂ ಅದು ಹೊಂದುತ್ತದೆ, ನಿಮಗೆ ಕಷ್ಟ. ಇಲಿನಾಯ್ ರಾಜ್ಯದ ಡಿಯರ್‌ಫೀಲ್ಡಿನಲ್ಲಿದ್ದ ಟ್ರಿನಿಟಿ ಎಂಬ ವಿದ್ಯಾಸಂಸ್ಥೆ, ಇವ್ಯಾಂಜೆಲಿಕಲ್ ಪಂಥದವರ (ಬೈಬಲ್ಲಿಗೆ ಹೆಚ್ಚು ಒತ್ತು ಕೊಡುವ ಪ್ರೊಟೆಸ್ಟೆಂಟರ) ಬಯೋಎಥಿಕ್ಸ್ ಅಧ್ಯಯನಕ್ಕೆ ಹೆಸರಾಗಿತ್ತು.

ಟ್ರಿನಿಟಿಯ ಬಗ್ಗೆ ‘ಆಗಿತ್ತು’ ಎಂದು ಬರೆದಿರುವುದಕ್ಕೆ ಕಾರಣವಿದೆ. ಅದರ ದೈವಶಾಸ್ತ್ರ ವಿದ್ಯಾಲಯವು ಕೆನಡಾದ ಟ್ರಿನಿಟಿ ವೆಸ್ಟರ್ನ್ ವಿಶ್ವವಿದ್ಯಾಲಯದೊಡನೆ ಸೇರಿ ಅಲ್ಲಿಗೆ ಸ್ಥಳಾಂತರಗೊಳ್ಳುವುದಾಗಿ 2025ರಲ್ಲಿ ಪ್ರಕಟಿಸಿತು. ಅದೇ ವರ್ಷ ಆಕ್ಸ್‌ಫರ್ಡಿನ ಆನ್ಸ್‌ಕೂಂಬ್ ಬಯೋಎಥಿಕ್ಸ್ ಕೇಂದ್ರ, 1977ರಲ್ಲಿ ಲಂಡನ್ನಿನಲ್ಲಿ ಲಿನಾಕರ್ ಕೇಂದ್ರವೆಂಬ ಹೆಸರಿನಲ್ಲಿ ಆರಂಭವಾಗಿದ್ದದ್ದು, ಬಾಗಿಲು ಮುಚ್ಚಿತು. ಈ ಕ್ಷೇತ್ರದ ಸಂಸ್ಥೆಗಳಲ್ಲಿ ಹಲವು ಚಿಕ್ಕವು, ದೇಣಿಗೆಯ ಮೇಲೆ ನಡೆಯುವಂಥವು. ಆದ್ದರಿಂದ ಅರ್ಜಿ ಹಾಕುವ ಮುನ್ನ ನೇರವಾಗಿ ಪತ್ರ ಬರೆದು, ನಾನು ಪದವಿ ಮುಗಿಸುವವರೆಗೆ ಈ ಕೋರ್ಸು ಇರುತ್ತದೆಯೇ, ನಡುವೆ ನಿಂತರೆ ನನ್ನ ಕ್ರೆಡಿಟ್‌ಗಳಿಗೆ ಏನು ವ್ಯವಸ್ಥೆ, ಯಾವ ಮಾನ್ಯತಾ ಮಂಡಳಿ ಇದನ್ನು ಮಾನ್ಯ ಮಾಡಿದೆ ಎಂದು ಕೇಳಿ ಲಿಖಿತ ಉತ್ತರ ಪಡೆಯಿರಿ. ನಿಮ್ಮದು ನಾಲ್ಕು ವರ್ಷದ ಬಿ.ಎಸ್‌ಸಿ. ಆದ್ದರಿಂದ ಅಮೆರಿಕದ ಸ್ನಾತಕೋತ್ತರ ಪ್ರವೇಶಕ್ಕೆ ಸಾಮಾನ್ಯವಾಗಿ ಅಡ್ಡಿಯಾಗದು. ಬರೀ ಜಿಎನ್‌ಎಂ ಡಿಪ್ಲೊಮಾ ಇರುವ ನಿಮ್ಮ ಸಹೋದ್ಯೋಗಿಗಳಿಗೆ ಆ ಅನುಕೂಲ ಇರುವುದಿಲ್ಲ.

ಸಾಲದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಈಗಲೇ ಬೇಡ. ರೋಗಿಗಳ ಚಿಕಿತ್ಸೆಯಲ್ಲಿ ಏಳುವ ನೀತಿಪ್ರಶ್ನೆಗಳಿಗೆ ಸಲಹೆ ಕೊಡುವ ‘ಕ್ಲಿನಿಕಲ್ ಎಥಿಸಿಸ್ಟ್’ ಎಂಬ ಹುದ್ದೆ ನಮ್ಮಲ್ಲಿ ಬೆರಳೆಣಿಕೆಯ ಆಸ್ಪತ್ರೆಗಳಲ್ಲೂ ಇದೆಯೆನ್ನಲಾಗದು. ಅಮೆರಿಕದ ಕಥೋಲಿಕ ಆಸ್ಪತ್ರೆ ಸಮೂಹಗಳಲ್ಲಿ ಅಂಥ ಹುದ್ದೆಗಳಿವೆ. ಆದರೆ ಅಲ್ಲಿ 2018ರಿಂದ ಜಾರಿಯಲ್ಲಿರುವ ವೃತ್ತಿ ಪ್ರಮಾಣಪತ್ರಕ್ಕೆ ಪದವಿಯ ಜೊತೆಗೆ 400 ಗಂಟೆಗಳ ಸಮಾಲೋಚನಾ ಅನುಭವವನ್ನೂ ಕೇಳುತ್ತಾರೆ. ಭಾರತದಲ್ಲಿ ಈ ಓದಿಗೆ ಖಚಿತವಾದ ಜಾಗವಿರುವುದು, ಮನುಷ್ಯರ ಮೇಲಿನ ಸಂಶೋಧನೆಯನ್ನು ಪರಿಶೀಲಿಸಿ ಅನುಮತಿ ಕೊಡುವ ಎಥಿಕ್ಸ್ ಕಮಿಟಿಗಳಲ್ಲಿ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ಇಂಥ ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು. ಕಾನೂನು ಬಲ್ಲವರೂ ಸಾಮಾನ್ಯ ನಾಗರಿಕರೊಬ್ಬರೂ ಅಲ್ಲದೆ ಸಮಾಜವಿಜ್ಞಾನಿ, ತತ್ತ್ವಶಾಸ್ತ್ರಜ್ಞ, ನೀತಿಶಾಸ್ತ್ರಜ್ಞ ಅಥವಾ ದೈವಶಾಸ್ತ್ರಜ್ಞರಂಥವರೂ ಒಬ್ಬರು ಇರಬೇಕೆಂದು ನಿಯಮವೇ ಹೇಳುತ್ತದೆ. ಇದು ಹೊಟ್ಟೆಪಾಡಿನ ಕೆಲಸವಲ್ಲ, ಗೌರವಧನದ ಕೆಲಸ. ನರ್ಸಿಂಗ್ ಕಾಲೇಜಿನ ಬೋಧನೆ, ಉಪಶಾಮಕ ಆರೈಕೆ (ಗುಣವಾಗದ ರೋಗಿಗಳ ನೋವು ತಗ್ಗಿಸುವ ಆರೈಕೆ), ಔಷಧ ಪ್ರಯೋಗಗಳ ಸಂಯೋಜನೆ ಇವುಗಳಲ್ಲಿ ಒಂದನ್ನು ಕೈಯಲ್ಲಿಟ್ಟುಕೊಂಡೇ ಬಯೋಎಥಿಕ್ಸನ್ನು ಸೇರಿಸಿಕೊಳ್ಳಬೇಕಾಗುತ್ತದೆ.

ಹಾಗಾಗಿ ಮೊದಲ ಹೆಜ್ಜೆಯನ್ನು ಮನೆಯ ಹತ್ತಿರವೇ ಇಡಿ. ನಿಮ್ಮ ಊರಿನ ಪಕ್ಕದ ದೇರಳಕಟ್ಟೆಯಲ್ಲಿರುವ ಯೆನೆಪೋಯ ವಿಶ್ವವಿದ್ಯಾಲಯದ ನೀತಿಶಾಸ್ತ್ರ ಕೇಂದ್ರ ಬಯೋಎಥಿಕ್ಸಿನಲ್ಲಿ ಸ್ನಾತಕೋತ್ತರ ಡಿಪ್ಲೊಮಾ ನಡೆಸಿಕೊಂಡು ಬಂದಿದೆ. ಅದು ಮುಸ್ಲಿಮರು ಕಟ್ಟಿದ ಟ್ರಸ್ಟಿನ ಸಂಸ್ಥೆ, ಪಾಠ ಎಲ್ಲ ಧರ್ಮದವರಿಗೆ. ನಿಮ್ಮ ವಿಶ್ವಾಸದ ಕಾರಣಗಳನ್ನು ಅದನ್ನು ಹಂಚಿಕೊಳ್ಳದವರ ಮುಂದೆ ಹೇಳುವ ಅಭ್ಯಾಸ ಅಲ್ಲಿ ಮೊದಲ ದಿನದಿಂದಲೇ ಆಗುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು, ಭಾರತದ ಕಥೋಲಿಕ ಧರ್ಮಾಧ್ಯಕ್ಷರು 1963ರಲ್ಲಿ ಆರಂಭಿಸಿದ್ದು, ದೇಶದ ಇತರ ಕಾಲೇಜುಗಳು ವೈದ್ಯಕೀಯ ನೀತಿಯನ್ನು ಪಠ್ಯಕ್ಕೆ ಸೇರಿಸುವ ಬಹಳ ಮೊದಲೇ ಅದನ್ನು ಬೋಧಿಸಿದ ಸಂಸ್ಥೆ. ಅಲ್ಲಿನ ಕಾರ್ಯಾಗಾರಗಳ ಮೇಲೂ ಕಣ್ಣಿಡಿ. ಡಿಪ್ಲೊಮಾ ಮುಗಿದ ಮೇಲೆ ಸ್ನಾತಕೋತ್ತರ ಪದವಿ ಬೇಕೇ, ಬೇಕಿದ್ದರೆ ಯಾವ ಪ್ರಶ್ನೆಗಾಗಿ ಬೇಕು ಎಂಬುದು ನಿಮಗೇ ತಿಳಿದಿರುತ್ತದೆ, ಆಗ ವಿದ್ಯಾರ್ಥಿವೇತನದ ಅರ್ಜಿಯನ್ನೂ ಬಲವಾಗಿ ಬರೆಯಬಲ್ಲಿರಿ.

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಸ್ತ್ರೀರೋಗ ತಜ್ಞ, ಲಿಂಗಾಯತ ಮನೆತನದವನು. ಮಕ್ಕಳಿಲ್ಲದ ದಂಪತಿಗಳಿಗೆ ಐವಿಎಫ್ ಚಿಕಿತ್ಸೆ ಕೊಡುತ್ತೇನೆ. ಕಥೋಲಿಕ ವಿಶ್ವವಿದ್ಯಾಲಯವೊಂದರ ಆನ್‌ಲೈನ್ ಬಯೋಎಥಿಕ್ಸ್ ಪದವಿಗೆ ಸೇರುವ ಮನಸ್ಸಿದೆ. ಬೇರೆ ಧರ್ಮದವರನ್ನು ಸೇರಿಸಿಕೊಳ್ಳುತ್ತಾರೆಯೇ? ನನ್ನ ವೃತ್ತಿಯನ್ನೇ ತಪ್ಪೆನ್ನುವ ಕಡೆ ಹೋಗಿ ಓದುವುದರಲ್ಲಿ ಅರ್ಥವಿದೆಯೇ?
– ವೈದ್ಯರೊಬ್ಬರು, ಹುಬ್ಬಳ್ಳಿ

ಉತ್ತರ: ಅಮೆರಿಕದ ಯೇಸುಸಭೆಯ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಯ ಧರ್ಮ ಪ್ರವೇಶಕ್ಕೆ ಅಡ್ಡಿಯಾಗುವುದಿಲ್ಲ. ಇವ್ಯಾಂಜೆಲಿಕಲ್ ಸೆಮಿನರಿಗಳಲ್ಲಿ ಕೆಲವು ಮಾತ್ರ ವಿಶ್ವಾಸದ ಹೇಳಿಕೆಗೆ ಸಹಿಯನ್ನೋ ಸಭಾಪಾಲಕರ ಶಿಫಾರಸು ಪತ್ರವನ್ನೋ ಕೇಳುತ್ತವೆ. ಅರ್ಜಿ ನಮೂನೆಯನ್ನು ಓದಿದರೆ ಗೊತ್ತಾಗುತ್ತದೆ. ಮನಸ್ಸೊಪ್ಪದೆ ಅಂಥ ಹೇಳಿಕೆಗೆ ಸಹಿ ಹಾಕಬೇಡಿ.

ಎರಡನೆಯ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ಐವಿಎಫ್‌ ಅನ್ನು ಕಥೋಲಿಕ ಧರ್ಮಸಭೆ ಒಪ್ಪುವುದಿಲ್ಲ. 1987ರ ಬೋಧನಾ ಪತ್ರದಲ್ಲಿ ಅದು ಕೊಟ್ಟ ಕಾರಣಗಳು ಎರಡು: ಮಗುವಿನ ಹುಟ್ಟು ದಂಪತಿಗಳ ಮಿಲನದಿಂದ ಬೇರ್ಪಟ್ಟು ಪ್ರಯೋಗಾಲಯದ ಉತ್ಪಾದನೆಯಾಗಬಾರದು, ಫಲಿತವಾದ ಕ್ಷಣದಿಂದಲೇ ಭ್ರೂಣವನ್ನು ವ್ಯಕ್ತಿಯಂತೆ ಗೌರವಿಸಬೇಕು. 2008ರ ಇನ್ನೊಂದು ಪತ್ರ ಹೆಪ್ಪುಗಟ್ಟಿಸಿಟ್ಟ ಭ್ರೂಣಗಳ ಗತಿಯನ್ನು ಕುರಿತು ಆಳವಾದ ಕಳವಳವನ್ನು ವ್ಯಕ್ತಪಡಿಸಿತು. ಪ್ರೊಟೆಸ್ಟೆಂಟರಲ್ಲಿ ಅನೇಕರು ದಂಪತಿಗಳದೇ ಅಂಡ–ವೀರ್ಯ ಬಳಸುವ ಐವಿಎಫ್‌ ಅನ್ನು ಒಪ್ಪುತ್ತಾರೆ, ಉಳಿಕೆ ಭ್ರೂಣಗಳು ಸೃಷ್ಟಿಯಾಗಬಾರದೆಂದು ಅವರಲ್ಲೂ ಹಲವರು ಹೇಳುತ್ತಾರೆ.

ನಿಮಗೆ ಮೊದಲನೆಯ ಕಾರಣ ಒಪ್ಪಿಗೆಯಾಗದಿರಬಹುದು. ಎರಡನೆಯದನ್ನು ಅಷ್ಟು ಸುಲಭವಾಗಿ ದಾಟಿಹೋಗಬೇಡಿರೆಂದು ವಿನಂತಿಸುತ್ತೇನೆ. ನಮ್ಮ 2021ರ ನೆರವಿನ ಸಂತಾನೋತ್ಪತ್ತಿ ಕಾಯ್ದೆಯ ಪ್ರಕಾರ ಭ್ರೂಣಗಳನ್ನು ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಇಡುವಂತಿಲ್ಲ. ಅವಧಿ ಮುಗಿದ ಮೇಲೆ ಅವುಗಳನ್ನು ನಾಶವಾಗಲು ಬಿಡಬೇಕು, ಇಲ್ಲವೇ ದಂಪತಿಗಳ ಒಪ್ಪಿಗೆಯಿದ್ದರೆ ಸಂಶೋಧನೆಗೆ ಕೊಡಬಹುದು. ಮಗುವಾದ ಮೇಲೆ ಉಳಿದ ಭ್ರೂಣಗಳ ಬಗ್ಗೆ ನಿಮ್ಮ ದಂಪತಿಗಳಿಗೆ ನೀವು ಏನು ಹೇಳುತ್ತೀರಿ? ಒಪ್ಪಿಗೆ ಪತ್ರದಲ್ಲಿ ಆ ಸಾಲಿನ ಮುಂದೆ ಟಿಕ್ ಹಾಕುವಾಗ ಅವರಿಗೆ ಅದರ ಅರ್ಥ ತಿಳಿದಿರುತ್ತದೆಯೇ? ನಿಮ್ಮ ವೃತ್ತಿಯನ್ನು ಒಪ್ಪದ ಅಧ್ಯಾಪಕರು ಈ ಪ್ರಶ್ನೆಯನ್ನು ನಿಮಗೆ ಬಿಡದೆ ಕೇಳುತ್ತಾರೆ. ಒಪ್ಪುವ ಅಧ್ಯಾಪಕರು ಅಷ್ಟು ಒತ್ತಿ ಕೇಳಲಿಕ್ಕಿಲ್ಲ. ನಿಮ್ಮ ಉತ್ತರ ಕಡೆಗೆ ಅವರದಕ್ಕಿಂತ ಬೇರೆಯೇ ಆಗಬಹುದು. ಕಾರಣಗಳನ್ನು ಸರಿಯಾಗಿ ನಿರೂಪಿಸಿದ ಪ್ರಬಂಧಕ್ಕೆ ಭಿನ್ನಾಭಿಪ್ರಾಯದ ಕಾರಣದಿಂದ ಅಂಕ ಕಡಿಮೆ ಮಾಡುವ ಸಂಸ್ಥೆಯಾದರೆ ಅದು ಸೇರಲು ಯೋಗ್ಯವಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ಇದನ್ನು ಕೇಳಿ ತಿಳಿದುಕೊಳ್ಳಿ. ನಿಮ್ಮ ಪರಂಪರೆಯಲ್ಲೂ ದಯೆ, ದೇಹ, ಕಾಯಕಗಳ ಬಗ್ಗೆ ಗಂಭೀರವಾದ ವಿಚಾರವಿದೆ. ಅದನ್ನು ಆ ತರಗತಿಗೆ ಒಯ್ಯಿರಿ, ಅಲ್ಲಿನವರಿಗೂ ಅದರಿಂದ ಪ್ರಯೋಜನವಾದೀತು.

ಪ್ರಶ್ನೆ: ಮಗಳು ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಮುಂದೆ ನೇರವಾಗಿ ಬಯೋಎಥಿಕ್ಸ್ ಓದಬಹುದೇ?
– ತಾಯಿಯೊಬ್ಬರು, ಹಾಸನ

ಉತ್ತರ: ಬೇಡ. ಇದು ವೈದ್ಯಕೀಯ, ನರ್ಸಿಂಗ್, ಕಾನೂನು, ಜೀವವಿಜ್ಞಾನ, ತತ್ತ್ವಶಾಸ್ತ್ರ ಅಥವಾ ದೈವಶಾಸ್ತ್ರದಲ್ಲಿ ಒಂದು ಪದವಿ ಕೈಗೆ ಬಂದ ಮೇಲೆ ಓದುವ ವಿಷಯ. ಆ ಪದವಿಗಳಲ್ಲಿ ಯಾವುದು ಮಗಳಿಗೆ ಇಷ್ಟವೋ ಅದನ್ನು ಮೊದಲು ಚೆನ್ನಾಗಿ ಓದಲಿ. 2019ರಿಂದ ಎಂಬಿಬಿಎಸ್ ಪಠ್ಯದಲ್ಲೇ ನೀತಿ ಮತ್ತು ಸಂವಹನದ ಪಾಠಗಳು ಸೇರಿವೆ.

ಪ್ರಶ್ನೆ: ನಾನು, ದೈವಶಾಸ್ತ್ರ ಪದವಿಗಳನ್ನು ಕೊಡುವ ಸೆರಾಂಪುರ ಸೆನೆಟಿಗೆ ಸೇರಿದ ಕಾಲೇಜಿನಲ್ಲಿ ಬಿ.ಡಿ. (ದೈವಶಾಸ್ತ್ರ ಪದವಿ) ಕೊನೆಯ ವರ್ಷದಲ್ಲಿದ್ದೇನೆ. ಸಭಾಪಾಲನೆಗೆ ಹೋಗುವುದಕ್ಕೆ ಮೊದಲು ಬಯೋಎಥಿಕ್ಸ್ ಓದುವ ಆಸೆಯಿದೆ. ವಿಜ್ಞಾನದ ಹಿನ್ನೆಲೆ ನನಗಿಲ್ಲ. ಸಾಧ್ಯವೇ?
– ವಿದ್ಯಾರ್ಥಿ, ದಕ್ಷಿಣ ಕನ್ನಡ

ಉತ್ತರ: ಸಾಧ್ಯ. ಸೆನೆಟಿನ ಎಂ.ಟಿಎಚ್. ಎಂಬ ಸ್ನಾತಕೋತ್ತರ ಪದವಿಯಲ್ಲಿ ಕ್ರೈಸ್ತ ನೀತಿಶಾಸ್ತ್ರ ಒಂದು ಶಾಖೆ. ಅದರಲ್ಲಿ ಪ್ರಬಂಧದ ವಿಷಯವಾಗಿ ವೈದ್ಯಕೀಯ ನೀತಿಯನ್ನು ತೆಗೆದುಕೊಳ್ಳಬಹುದು. ವಿದೇಶದ ಬಯೋಎಥಿಕ್ಸ್ ಕೋರ್ಸುಗಳೂ ಬಿ.ಡಿ. ಆದವರನ್ನು ತೆಗೆದುಕೊಳ್ಳುತ್ತವೆ.

ನಿಮಗೆ ಕೊರತೆಯಿರುವುದು ವಿಜ್ಞಾನದ್ದಕ್ಕಿಂತ ವಾರ್ಡಿನ ಪರಿಚಯದ್ದು. ಪ್ರಿನ್ಸ್‌ಟನ್ನಿನಲ್ಲಿ ಧರ್ಮಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಮೆಥಡಿಸ್ಟ್ ಚಿಂತಕ ಪಾಲ್ ರಾಮ್ಸೆ, 1960ರ ದಶಕದ ಕೊನೆಯಲ್ಲಿ, ತಮ್ಮ ಐವತ್ತೈದರ ಆಸುಪಾಸಿನ ವಯಸ್ಸಿನಲ್ಲಿ, ಜಾರ್ಜ್‌ಟೌನಿನ ವೈದ್ಯಕೀಯ ಶಾಲೆಗೆ ಹೋಗಿ ವೈದ್ಯರ ನಡುವೆ ಕುಳಿತು ಅವರ ಪ್ರಕರಣಗಳನ್ನು ಕೇಳಿ ಕಲಿತರು. 1970ರಲ್ಲಿ ಅವರು ಪ್ರಕಟಿಸಿದ ಪುಸ್ತಕ ಈ ಕ್ಷೇತ್ರದ ಬುನಾದಿಯ ಕೃತಿಗಳಲ್ಲೊಂದಾಯಿತು. ರೋಗಿಯನ್ನು ಗುಣಪಡಿಸುವ ಪ್ರಯತ್ನ ನಿಲ್ಲಬಹುದು, ಅವನ ಜೊತೆಗಿದ್ದು ಆರೈಕೆ ಮಾಡುವ ಕರ್ತವ್ಯ ಕೊನೆಯವರೆಗೂ ನಿಲ್ಲುವುದಿಲ್ಲ ಎಂಬುದು ಅದರ ಮುಖ್ಯ ವಾದಗಳಲ್ಲೊಂದು. ಆಸ್ಪತ್ರೆಯ ಒಳಗನ್ನು ಕಂಡವರಿಗೆ ಮಾತ್ರ ಅಷ್ಟು ಖಚಿತವಾಗಿ ಬರೆಯಲು ಸಾಧ್ಯ.

ನೀವು ಮಾಡಬಹುದಾದದ್ದು ಇದು. ನಿಮ್ಮ ಪ್ರಾಂಶುಪಾಲರ ಪತ್ರದೊಂದಿಗೆ ಹತ್ತಿರದ ಮಿಷನ್ ಆಸ್ಪತ್ರೆಗೆ ಹೋಗಿ, ರೋಗಿಗಳ ಆಧ್ಯಾತ್ಮಿಕ ಆರೈಕೆಯ ವಿಭಾಗದಲ್ಲಿ ಕೆಲವು ತಿಂಗಳು ಸೇವೆ ಸಲ್ಲಿಸಲು ಅನುಮತಿ ಕೇಳಿ. ಉಪಶಾಮಕ ಆರೈಕೆಯ ತಂಡ ಮನೆಭೇಟಿಗೆ ಹೋಗುವಾಗ ಜೊತೆಗೆ ಹೋಗಿ. ಡಯಾಲಿಸಿಸ್ ಎಂದರೇನು, ಮಿದುಳಿನ ಸಾವಿಗೂ ಕೋಮಾಗೂ ಏನು ವ್ಯತ್ಯಾಸ, 1994ರ ಅಂಗಾಂಗ ಕಸಿ ಕಾಯ್ದೆ ಮಿದುಳಿನ ಸಾವನ್ನು ಯಾರು ಹೇಗೆ ದೃಢಪಡಿಸಬೇಕೆನ್ನುತ್ತದೆ ಎಂಬುದನ್ನು ಅಲ್ಲಿನ ಸಿಸ್ಟರ್‌ಗಳನ್ನು ಕೇಳಿ ತಿಳಿಯಿರಿ. ಅವರಷ್ಟು ತಾಳ್ಮೆಯಿಂದ ಹೇಳಿಕೊಡುವವರು ಬೇರೆ ಸಿಗರು. ಸ್ಥಳೀಯ ಎಥಿಕ್ಸ್ ಕಮಿಟಿಯಲ್ಲಿ ದೈವಶಾಸ್ತ್ರಜ್ಞರ ಸ್ಥಾನ ಖಾಲಿಯಿದ್ದರೆ ನಿಮ್ಮ ಅಧ್ಯಾಪಕರಲ್ಲಿ ಒಬ್ಬರನ್ನು ಅದಕ್ಕೆ ಸೇರುವಂತೆ ಒತ್ತಾಯಿಸಿ, ಅವರೊಂದಿಗೆ ಕಾಗದಪತ್ರಗಳನ್ನು ಓದಲು ಆಸ್ಪತ್ರೆ ಅನುಮತಿಸುತ್ತದೆಯೇ ವಿಚಾರಿಸಿ. ಸಂಶೋಧನೆಯ ಒಪ್ಪಿಗೆ ಪತ್ರವನ್ನು ಕನ್ನಡದಲ್ಲೂ ತುಳುವಿನಲ್ಲೂ ರೋಗಿಗೆ ತಿಳಿಯುವಂತೆ ಬರೆಯಬಲ್ಲವರು ಆ ಸಮಿತಿಗಳಿಗೆ ಇಂದೇ ಬೇಕಾಗಿದ್ದಾರೆ, ಆ ಕೆಲಸಕ್ಕೆ ನಿಮಗೆ ಸ್ನಾತಕೋತ್ತರ ಪದವಿಯ ಅಗತ್ಯವೂ ಇಲ್ಲ.